ರಾಜ್ಯ ಒಪ್ಪಿದ ಗಾಂಜಾ, ಕೇಂದ್ರ ಒಪ್ಪದ ಬಂದೂಕು

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಬಂದೂಕು ಕೊಳ್ಳುವುದು ಸಂತೆಯಲ್ಲಿ ಸೊಪ್ಪು ಕೊಂಡಷ್ಟೇ ಸಲೀಸು ಅನ್ನುವ ಮಾತು ನಮ್ಮಲ್ಲಿದೆ. ಪೂರ್ತಿ ನಿಜ ಅಲ್ಲ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಮೊದಲು ಒಂದು ಫಾರಂ ತುಂಬಬೇಕು. ಅದರ ನಂಬರ್ 4473. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಬರೆದ ಮೇಲೆ ಹೌದು-ಇಲ್ಲ ಪ್ರಶ್ನೆಗಳು ಶುರುವಾಗುತ್ತವೆ. ಅದರಲ್ಲೊಂದು ಹೀಗಿದೆ: ನೀವು ಕಾನೂನಿಗೆ ವಿರುದ್ಧವಾಗಿ ಗಾಂಜಾ ಅಥವಾ ಬೇರೆ ಮಾದಕ ವಸ್ತು ಬಳಸುವವರೇ, ಅದರ ಚಟ ಇದೆಯೇ? 2016ರಲ್ಲಿ ಫಾರಂ ಬದಲಿಸಿದಾಗ ಇದಕ್ಕೆ ದಪ್ಪ ಅಕ್ಷರದ ಒಂದು ಎಚ್ಚರಿಕೆಯೂ ಸೇರಿತು. ನೀವಿರುವ ರಾಜ್ಯ ಔಷಧಿಗೋ ಮೋಜಿಗೋ ಗಾಂಜಾಕ್ಕೆ ಒಪ್ಪಿಗೆ ಕೊಟ್ಟಿದ್ದರೂ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿನ ಪ್ರಕಾರ ಅದು ಅಪರಾಧವೇ, ಅಂತ.

ಹೌದು ಅಂತ ಟಿಕ್ ಹಾಕಿದರೆ ಬಂದೂಕು ಸಿಗುವುದಿಲ್ಲ. ಇಲ್ಲ ಅಂತ ಸುಳ್ಳು ಬರೆದರೆ ಜೈಲು ಕಾದಿರುತ್ತದೆ. ಸಂಧಿವಾತಕ್ಕೆ ಡಾಕ್ಟರ ಚೀಟಿ ಹಿಡಿದು, ರಾಜ್ಯ ಸರ್ಕಾರವೇ ಲೈಸೆನ್ಸ್ ಕೊಟ್ಟ ಅಂಗಡಿಯಲ್ಲಿ ಗಾಂಜಾ ಕೊಂಡ ಅಜ್ಜನಿಗೂ ಇದೇ ನಿಯಮ.

ಈ ಗೋಜಲಿನ ಹಿಂದೆ ಎರಡು ಹಳೆಯ ಕಾನೂನುಗಳಿವೆ. 1968ರ ಬಂದೂಕು ನಿಯಂತ್ರಣ ಕಾನೂನು, ಮಾದಕ ವಸ್ತು ಬಳಸುವವರ ಕೈಗೆ ಬಂದೂಕು ಹೋಗಬಾರದು ಅಂದಿತು. 1970ರ ಇನ್ನೊಂದು ಕಾನೂನು ಗಾಂಜಾವನ್ನು ಹೆರಾಯಿನ್ ಜೊತೆಗೇ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಹಾಕಿತು. ಆಮೇಲೆ ರಾಜ್ಯಗಳು ತಮ್ಮ ದಾರಿ ಹಿಡಿದವು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಔಷಧಿ ಗಾಂಜಾಕ್ಕೆ ಹೂಂ ಅಂದರು. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ಔಷಧಿಯ ನೆಪವನ್ನೂ ಬಿಟ್ಟವು.

2002ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಮಹಿಳೆಯ ಮನೆಗೆ ಅಧಿಕಾರಿಗಳು ಬಂದರು. ಬೆನ್ನುನೋವಿಗೆಂದು ಆಕೆ ಆರು ಗಾಂಜಾ ಗಿಡ ಬೆಳೆಸಿದ್ದರು. ಬಂದವರಲ್ಲಿ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಪೊಲೀಸರೂ ಇದ್ದರು, ಫೆಡರಲ್ ಅಧಿಕಾರಿಗಳೂ ಇದ್ದರು. ಕೌಂಟಿಯವರು ಎಲ್ಲ ನೋಡಿ, ರಾಜ್ಯದ ಕಾನೂನಿನಲ್ಲಿ ಇದು ಸರಿಯಾಗಿಯೇ ಇದೆ ಅಂದರು. ಫೆಡರಲ್‌ನವರು ಒಪ್ಪಲಿಲ್ಲ. ಮೂರು ಗಂಟೆ ಜಗ್ಗಾಟ ನಡೆಯಿತು. ಕೊನೆಗೆ ಆರೂ ಗಿಡಗಳನ್ನು ಫೆಡರಲ್‌ನವರು ವಶಪಡಿಸಿಕೊಂಡು ನಾಶ ಮಾಡಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಮಾರದೆ, ರಾಜ್ಯದ ಗಡಿ ದಾಟಿಸದೆ, ಮನೆ ಬಳಕೆಗೆ ಬೆಳೆದ ಗಿಡವನ್ನೂ ಕೇಂದ್ರ ನಿಷೇಧಿಸಬಹುದು ಅಂತ 2005ರಲ್ಲಿ ಆರು ನ್ಯಾಯಮೂರ್ತಿಗಳು ಹೇಳಿದರು. ಮೂವರು ಒಪ್ಪಲಿಲ್ಲ.

ಹಾಗಾದರೆ ಗಾಂಜಾ ಅಂಗಡಿಗಳು ಹೇಗೆ ನಡೆಯುತ್ತಿವೆ? ಇದಕ್ಕೆ ಉತ್ತರ ಸಿಗುವುದು ಬಂದೂಕಿನ ಕೇಸಿನಲ್ಲಿ, ನೋಡಿ. ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಸ್ಥಳೀಯ ಪೊಲೀಸ್ ಮುಖ್ಯಸ್ಥರು ಪರೀಕ್ಷಿಸಬೇಕು ಅಂತ 1993ರಲ್ಲಿ ಕೇಂದ್ರ ಕಾನೂನು ಮಾಡಿತು. ಮೊಂಟಾನಾ, ಅರಿಜೋನಾಗಳ ಇಬ್ಬರು ಶೆರಿಫ್‌ಗಳು, ಅಂದರೆ ಕೌಂಟಿ ಪೊಲೀಸ್ ಮುಖ್ಯಸ್ಥರು, ನಿಮ್ಮ ಕೆಲಸ ನಾವ್ಯಾಕೆ ಮಾಡಬೇಕು ಅಂತ ಕೋರ್ಟಿಗೆ ಹೋದರು. 1997ರಲ್ಲಿ ಗೆದ್ದರು. ಕೇಂದ್ರ ತನ್ನ ಕಾನೂನನ್ನು ತನ್ನ ಸಿಬ್ಬಂದಿಯಿಂದ ಜಾರಿ ಮಾಡಿಕೊಳ್ಳಲಿ, ರಾಜ್ಯದ ಅಧಿಕಾರಿಗಳನ್ನು ದುಡಿಸಿಕೊಳ್ಳುವಂತಿಲ್ಲ. ಬಂದೂಕಿನ ಪರ ಇದ್ದವರು ಗೆದ್ದ ಈ ಮಾತು ಗಾಂಜಾ ರಾಜ್ಯಗಳಿಗೂ ಆಸರೆಯಾಯಿತು. ರಾಜ್ಯ ಪೊಲೀಸರು ಸುಮ್ನೆ ಇದ್ದರೆ ಮನೆಮನೆ ಹುಡುಕುವಷ್ಟು ಜನ ಕೇಂದ್ರದ ಬಳಿ ಇಲ್ಲ. ಸಾಲದ್ದಕ್ಕೆ, ರಾಜ್ಯಗಳ ಔಷಧಿ ಗಾಂಜಾ ವ್ಯವಸ್ಥೆಗೆ ಅಡ್ಡಿ ಮಾಡಲು ನ್ಯಾಯ ಇಲಾಖೆ ಹಣ ಖರ್ಚು ಮಾಡಬಾರದು ಅಂತ 2014ರ ಕೊನೆಯಲ್ಲಿ ಸಂಸತ್ತೇ ಕಟ್ಟು ಹಾಕಿತು.

ಆದರೆ ಸಹಾಯ ಮಾಡದೆ ಇರುವುದು ಬೇರೆ, ಕೇಂದ್ರದ ಕಾನೂನೇ ಇಲ್ಲ ಅನ್ನುವುದು ಬೇರೆ. ಇದನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೆ ಕಾನ್ಸಾಸ್ ನೋಡಿ. ಇಲ್ಲೇ ತಯಾರಾಗಿ ಇಲ್ಲೇ ಉಳಿಯುವ ಬಂದೂಕಿಗೆ ಫೆಡರಲ್ ಕಾನೂನು ತಟ್ಟುವುದಿಲ್ಲ ಅಂತ 2013ರಲ್ಲಿ ಆ ರಾಜ್ಯ ಶಾಸನ ಮಾಡಿತು. ಅದನ್ನು ನಂಬಿ ಅಂಗಡಿಯವನೊಬ್ಬ ಬಂದೂಕಿನ ಸದ್ದಡಗಿಸುವ ಸೈಲೆನ್ಸರ್ ಮಾಡಿ ಮಾರಿದ. ಮಾಜಿ ಸೈನಿಕನೊಬ್ಬ ಕೊಂಡ. ನೋಂದಣಿ ಇಲ್ಲ ಅಂತ ಫೆಡರಲ್ ಕೋರ್ಟಿನಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ರಾಜ್ಯದ ಕಾನೂನನ್ನು ನಂಬಿದ್ದೆವು ಅನ್ನುವ ಮಾತು 2018ರಲ್ಲಿ ಮೇಲ್ಮನವಿಯಲ್ಲೂ ನಿಲ್ಲಲಿಲ್ಲ. ಶಾಸನ ಬರೆದವರಿಗೆ ಏನೂ ಆಗಲಿಲ್ಲ, ಅಲ್ವಾ?

ಮಿಸೌರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೆಲವು ಫೆಡರಲ್ ಬಂದೂಕು ಕಾನೂನುಗಳು ತನ್ನ ನೆಲದಲ್ಲಿ ಅಸಿಂಧು ಅಂತ 2021ರಲ್ಲಿ ಸಾರಿತು. ಅವುಗಳ ಜಾರಿಗೆ ಕೈಜೋಡಿಸುವ ಪೊಲೀಸ್ ಇಲಾಖೆಗೆ 50,000 ಡಾಲರ್ ದಂಡ. ಸಹಾಯ ಬೇಡ ಅನ್ನಬಹುದು, ಅಸಿಂಧು ಅನ್ನುವಂತಿಲ್ಲ ಅಂತ 2024ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಳ್ಳಿಹಾಕಿತು. ಈ ನಡುವೆ, 2022ರಲ್ಲಿ, ಅದೇ ಮಿಸೌರಿಯ ಮತದಾರರು ಗಾಂಜಾಕ್ಕೂ ಒಪ್ಪಿಗೆ ಕೊಟ್ಟಿದ್ದರು. ಎರಡನ್ನೂ ಇಟ್ಟುಕೊಂಡ ಮಿಸೌರಿಯವರು ಫೆಡರಲ್ ಕಣ್ಣಿಗೆ ಅಪರಾಧಿಗಳೇ.

ನಮ್ಮಲ್ಲಿ ಈ ತೊಡಕು ಅಷ್ಟಾಗಿ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಕೇಂದ್ರದ್ದು, 1985ರ ಮಾದಕ ವಸ್ತು ಕಾಯ್ದೆಯೂ ಕೇಂದ್ರದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಕೂಡ ಕೇಂದ್ರದ ಅಧಿಸೂಚನೆಯಿಂದಲೇ ಬಂದದ್ದು. 2019ರಲ್ಲಿ ಅದನ್ನು 2029ರ ವರೆಗೆ ವಿಸ್ತರಿಸಿದ್ದೂ ದೆಹಲಿಯೇ.

ಮತ್ತೆ ಅಮೆರಿಕಕ್ಕೆ ಬರೋಣ. ಈ ಜಗಳದಲ್ಲಿ ಸಿಕ್ಕಿಬೀಳುವವರು ನಿಯಮ ಪಾಲಿಸಿದವರೇ ಅನ್ನುವುದು ನನಗೆ ಜಾಸ್ತಿ ಬೇಸರದ ವಿಷಯ. ಹವಾಯಿಯಲ್ಲಿ ಬಂದೂಕಿಗೂ ನೋಂದಣಿ ಬೇಕು, ಔಷಧಿ ಗಾಂಜಾಕ್ಕೂ ಬೇಕು. 2017ರಲ್ಲಿ ಹೊನೊಲುಲು ಪೊಲೀಸರು ಗಾಂಜಾ ಚೀಟಿ ಇದ್ದ ಬಂದೂಕು ಮಾಲೀಕರಿಗೆ ಪತ್ರ ಬರೆದರು: 30 ದಿನದೊಳಗೆ ಬಂದೂಕು ಒಪ್ಪಿಸಿ. ಗದ್ದಲ ಎದ್ದ ಮೇಲೆ ಹಿಂದೆ ಸರಿದರು. ಕದ್ದುಮುಚ್ಚಿ ಸೇದುವವರಿಗೆ ಅಂಥ ಪತ್ರ ಹೋಗುವ ದಾರಿಯೇ ಇರಲಿಲ್ಲ.

ಕೋರ್ಟುಗಳ ದನಿ ಈಗ ಬದಲಾಗುತ್ತಿದೆ. ಗಾಂಜಾ ಕಾರ್ಡ್ ಇದ್ದ ನೆವಾಡಾದ ಮಹಿಳೆಯೊಬ್ಬರಿಗೆ ಅಂಗಡಿಯವರು ಬಂದೂಕು ಕೊಡದಿದ್ದದ್ದು ಸರಿ ಅಂತ 2016ರಲ್ಲಿ ಒಂದು ಮೇಲ್ಮನವಿ ಕೋರ್ಟ್ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟ್ ಫ್ಲಾರಿಡಾದ ಔಷಧಿ ಗಾಂಜಾ ರೋಗಿಗಳ ಕೇಸಿಗೆ ಮರುಜೀವ ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಟೆಕ್ಸಾಸ್‌ನ ಒಂದು ಕೇಸಿನಲ್ಲಿ, 1968ರ ಆ ನಿಯಮವನ್ನೇ ಪರಿಶೀಲಿಸಲು ಒಪ್ಪಿಕೊಂಡಿತು.

ಅಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವ ಕೇಳುಗರಿಗೆ ಇನ್ನೊಂದು ಮಾತು. ಬಂದೂಕಿನ ಗೊಡವೆಯೇ ಇಲ್ಲದ, ಗ್ರೀನ್ ಕಾರ್ಡ್ ಹಿಡಿದು ಪೌರತ್ವಕ್ಕೆ ಅರ್ಜಿ ಹಾಕುವ ನಮ್ಮ ಹುಡುಗರಿಗೂ ಈ ಜಗಳ ತಟ್ಟುತ್ತದೆ. ವಲಸೆ ಪೂರ್ತಿ ಫೆಡರಲ್ ಸರ್ಕಾರದ ಕೈಯಲ್ಲಿದೆ. ರಾಜ್ಯ ಒಪ್ಪಿದ ಗಾಂಜಾ ಬಳಸಿದ್ದರೂ, ಅಂಥ ಅಂಗಡಿಯಲ್ಲಿ ಕೆಲಸ ಮಾಡಿದ್ದರೂ, ಅರ್ಜಿದಾರರ ನಡತೆ ಸರಿಯಿಲ್ಲ ಅಂತ ಪೌರತ್ವ ನಿರಾಕರಿಸಬಹುದು ಎಂದು ವಲಸೆ ಇಲಾಖೆ 2019ರ ಏಪ್ರಿಲ್‌ನಲ್ಲೇ ತನ್ನ ಅಧಿಕಾರಿಗಳಿಗೆ ಬರೆದು ಕೊಟ್ಟಿದೆ. ಸಂದರ್ಶನಕ್ಕೆ ಹೋಗುವ ಮುಂಚೆ ಒಬ್ಬ ವಕೀಲರನ್ನು ಕೇಳಿಕೊಳ್ಳಲಿ. ನಮಸ್ಕಾರ.