ಕ್ಯಾಮೆರಾ ನಮ್ಮ ಮನೇದು, ಪಾಸ್‌ವರ್ಡ್ ಯಾರದು?

ನಮಸ್ಕಾರ್ರಿ. ನಮ್ಮ ದಾವಣಗೆರೆಯಲ್ಲಿ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ಆಂಜನೇಯ ಬಡಾವಣೆ, ಯಾವ ಕಡೆ ಹೋದ್ರೂ ಈಗ ಗೇಟಿನ ಮೇಲೊಂದು ಕ್ಯಾಮೆರಾ ಇದ್ದೇ ಇರುತ್ತೆ. ಮನೆಯೊಳಗೆ ವಯಸ್ಸಾದ ಅಪ್ಪ, ಅಮ್ಮ ಇಬ್ಬರೇ. ಮಗ ಬೆಂಗಳೂರಲ್ಲಿ, ಮಗಳು ಪುಣೆಯಲ್ಲಿ. ಅವರ ಫೋನಿಗೆ ಇಲ್ಲಿನ ಅಂಗಳ ಕಾಣುತ್ತೆ. ಅದರಿಂದ ಧೈರ್ಯ ಬರುತ್ತೆ, ನಾನು ಬೇಡ ಅನ್ನಲ್ಲ. ಆದ್ರೆ ಮನೆಯ ದೃಶ್ಯ ಯಾರ್ಯಾರ ಫೋನಿಗೆ ಹೋಗಬೇಕು ಅನ್ನೋದನ್ನ ಆ ಮನೆಯಲ್ಲಿ ಬಾಳ್ವೆ ಮಾಡೋರೇ ತೀರ್ಮಾನ ಮಾಡಬೇಕು. ಈಗ ನಡೀತಿರೋದು ಹಂಗಿಲ್ಲ.

ಮೊದಲು ರೆಕಾರ್ಡಿಂಗ್ ಇರೋದೆಲ್ಲಿ ಅಂತ ತಿಳ್ಕೊಳ್ರಿ. ಫೋನಲ್ಲಿ ಕಾಣುತ್ತಲ್ಲ, ಫೋನಲ್ಲೇ ಇದೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ಅದಿರೋದು ಟಿವಿ ಪಕ್ಕದ ಡಿವಿಆರ್ ಡಬ್ಬಿಯ ಹಾರ್ಡ್ ಡಿಸ್ಕಲ್ಲಿ. ನೀವು ನಿನ್ನೆ ಸಂಜೆ ನಾಲ್ಕು ಗಂಟೆಯ ಪ್ಲೇಬ್ಯಾಕ್ ಒತ್ತಿದಾಗ ಅದು ಮನೆಯ ಇಂಟರ್ನೆಟ್ ಮೇಲೆ ಹತ್ತಿ ಬರಬೇಕು. ಕರೆಂಟ್ ಹೋಗಿ ರೂಟರ್ ಆರಿತು ಅಂದ್ರೆ ಏನೂ ಬರಲ್ಲ. ಡಿವಿಆರ್‌ಗೆ ಯುಪಿಎಸ್ ಕೊಟ್ಟು ರೂಟರ್ ಮರೆತ ಮನೆಗಳು ಎಷ್ಟೋ ಇವೆ.

ಜಾಗದ ಲೆಕ್ಕ ನೋಡ್ರಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಹಂಗೆ ಬಿಡದೆ ಬರೆದ್ರೆ ದಿನಕ್ಕೆ ಸುಮಾರು 21 ಜಿಬಿ. ನಾಲ್ಕು ಕ್ಯಾಮೆರಾ ಇದ್ರೆ 1 ಟಿಬಿ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ, ಹಳೇದು ತಾನಾಗೇ ಅಳಿಸಿಹೋಗುತ್ತೆ. ತಿಂಗಳಾದ ಮೇಲೆ ಬಂದು ಹುಡುಕಿದ್ರೆ ಸಿಗಲ್ಲ. ಏನಾದ್ರೂ ಅನುಮಾನ ಬಂದ್ರೆ ಅವತ್ತೇ ಆ ತುಣುಕನ್ನ ಫೋನಿಗೆ ಇಳಿಸ್ಕೊಳ್ರಿ.

ನಮ್ಮ ಜಿಲ್ಲೆಯ ನ್ಯಾಮತಿ ನೆನಪಿದೆಯಲ್ಲ? 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕೆಜಿಗೂ ಹೆಚ್ಚು ಬಂಗಾರ ಹೋಯ್ತು. ಕಳ್ಳರು ಖಾರದ ಪುಡಿ ಚೆಲ್ಲಿ, ಹೋಗುವಾಗ ಡಿವಿಆರನ್ನೂ ಹೊತ್ಕೊಂಡು ಹೋದ್ರು. ಆಮೇಲೆ ಪೊಲೀಸರು ತಿಂಗಳುಗಟ್ಟಲೆ ಬೆನ್ನು ಹತ್ತಿ, ತಮಿಳುನಾಡಿನ ಬಾವಿಯೊಂದರಿಂದ ಬಂಗಾರ ಮೇಲೆತ್ತಿದ್ರು, ಆ ಮಾತು ಬೇರೆ. ಬ್ಯಾಂಕಿನ ಡಿವಿಆರೇ ಹೋಗುತ್ತೆ ಅಂದ್ಮೇಲೆ ಶೋಕೇಸಲ್ಲಿ ಎದ್ದು ಕಾಣೋ ನಿಮ್ಮ ಡಬ್ಬಿ ಯಾವ ಲೆಕ್ಕ? ಅಟ್ಟದ ಮೇಲೆ, ಬೀಗ ಇರೋ ಕಪಾಟಲ್ಲಿ ಇಡ್ರಿ, ಗಾಳಿ ಆಡೋ ಹಂಗೆ. ಗೇಟಿನದೊಂದು ಕ್ಯಾಮೆರಾಗಾದ್ರೂ ಕ್ಲೌಡ್ ರೆಕಾರ್ಡಿಂಗ್, ಅಂದ್ರೆ ದೃಶ್ಯ ಇಂಟರ್ನೆಟ್ ಮೂಲಕ ಮನೆಯಾಚೆ ಕಂಪನಿಯ ಸರ್ವರಲ್ಲಿ ಉಳಿಯೋ ವ್ಯವಸ್ಥೆ, ಹಾಕಿಸ್ರಿ.

ಈಗ ಪಾಸ್‌ವರ್ಡಿನ ವಿಚಾರ. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಫಿಟ್ಟಿಂಗ್ ಮಾಡೋಕೆ ಬಂದ ಹುಡುಗ ಪಾಪ ಬೇಗ ಮುಗಿಸಬೇಕು ಅಂತ ಡಬ್ಬಿ ಮೇಲಿನ ಕ್ಯೂಆರ್ ಕೋಡನ್ನ ತನ್ನ ಫೋನಲ್ಲೇ ಸ್ಕ್ಯಾನ್ ಮಾಡಿ, ನಿಮಗೆ ಶೇರ್ ಕೊಟ್ಟು ಹೋಗ್ತಾನೆ. ಬಹಳಷ್ಟು ಆಪ್‌ಗಳಲ್ಲಿ ಮೊದಲು ಸೇರಿಸಿದವರೇ ಮಾಲೀಕರು. ದುಡ್ಡು ಕೊಟ್ಟ ನೀವು ನಿಮ್ಮ ಮನೆಗೇ ಅತಿಥಿ. ಅವನು ಒಳ್ಳೆಯವನೇ ಇರಬಹುದು, ಆದ್ರೆ ಅವನ ಫೋನ್ ಕಳೆದ್ರೆ? ಅಂಗಡಿ ಕೈ ಬದಲಾದ್ರೆ?

ಎಲ್ಲರ ಮನೆಗೂ ಒಂದೇ ಪಾಸ್‌ವರ್ಡ್ ಇಡೋದಂತೂ ಇನ್ನೂ ಕೆಟ್ಟದ್ದು. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳೊಳಗೆ ಹೊಕ್ಕಿದ್ದು ಕಂಪನಿ ಇಟ್ಟ ಪಾಸ್‌ವರ್ಡನ್ನ ಜನ ಬದಲಾಯಿಸದೇ ಬಿಟ್ಟಿದ್ದಕ್ಕೆ. 2025ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಕ್ಯಾಮೆರಾ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಮಿಗೆ ಬಂದವು. ಚಿಕಿತ್ಸೆಗೆ ಅಂತ ಹೋದ ಹೆಣ್ಣುಮಕ್ಕಳ ದೃಶ್ಯಗಳವು. 2025ರ ಏಪ್ರಿಲ್‌ನಿಂದ ಮಾರಾಟಕ್ಕೆ ಬರೋ ಸಿಸಿಟಿವಿಗಳಿಗೆ ಕೇಂದ್ರ ಸರ್ಕಾರ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡಿದೆ, ಸರಿ. ಆದ್ರೆ ಗೋಡೆ ಮೇಲೆ ಆಗಲೇ ಕೂತಿರೋದರ ಪಾಸ್‌ವರ್ಡನ್ನ ನಾವೇ ಬದಲಾಯಿಸಬೇಕು.

ಕೊನೇದಾಗಿ ಮಕ್ಕಳಿಗೆ ಒಂದು ಮಾತು. ಗೇಟಿಗೆ, ಹಿತ್ತಲಿಗೆ ಹಾಕ್ರಿ. ಹಾಲ್‌ನೊಳಗೆ ಯಾಕೆ? ಬೆಂಗಳೂರಿಂದ ಫೋನು ಬರುತ್ತೆ: “ಯಾಕಮ್ಮ, ಇಷ್ಟೊತ್ತಾದ್ರೂ ಊಟ ಮಾಡಿಲ್ಲ? ಮಧ್ಯಾಹ್ನ ಬಂದೋರು ಯಾರು?” ಪ್ರೀತಿಯಿಂದಲೇ ಕೇಳ್ತೀರಿ, ಗೊತ್ತು. ಆದ್ರೆ ಅವತ್ತಿಂದ ಆ ತಾಯಿ ತನ್ನ ಮನೇಲೇ ಸೆರಗು ಸರಿಮಾಡ್ಕೊಂಡು ಕೂರ್ತಾಳೆ. ಪಕ್ಕದ ಮನೆಯವರು ಬಂದ್ರೆ ಮಾತು ಸಣ್ಣಗಾಗುತ್ತೆ. ಮನೆಗೆಲಸಕ್ಕೆ ಬರೋ ಹೆಣ್ಣುಮಗಳನ್ನಂತೂ ಯಾರೂ ಕೇಳೋದೇ ಇಲ್ಲ. 2025ರಲ್ಲಿ ಕಲ್ಕತ್ತಾ ಹೈಕೋರ್ಟ್, ಜೊತೆಯಲ್ಲಿ ವಾಸ ಮಾಡೋರ ಒಪ್ಪಿಗೆ ಇಲ್ಲದೆ ಮನೆಯೊಳಗೆ ಕ್ಯಾಮೆರಾ ನಡೆಸೋದು ಖಾಸಗಿತನದ ಉಲ್ಲಂಘನೆ ಅಂತ ಹೇಳಿತು. ಅದು ಅಣ್ಣತಮ್ಮಂದಿರ ಜಗಳದ ಕೇಸು. ಸುಪ್ರೀಂ ಕೋರ್ಟೂ ಆ ತೀರ್ಪನ್ನ ಬದಲಿಸಲಿಲ್ಲ.

ಬಿದ್ದರೆ ಗತಿಯೇನು ಅನ್ನೋ ಭಯ ನಿಜವಾದದ್ದೇ. ಹಂಗಿದ್ರೆ ಅಪ್ಪ, ಅಮ್ಮನನ್ನ ಕೂರಿಸ್ಕೊಂಡು ಕೇಳ್ರಿ. ಅವರು ಒಪ್ಪಿದ್ರೆ ಇರಲಿ, ಆದ್ರೆ ಆರಿಸೋ ಸ್ವಿಚ್ಚು ಅವರ ಕೈಗೆ ಎಟುಕೋ ಕಡೆ ಇರಲಿ. ಬಹಳ ಆಪ್‌ಗಳಲ್ಲಿ ಲೈವ್ ಮಾತ್ರ ಕೊಟ್ಟು ಪ್ಲೇಬ್ಯಾಕ್ ಕೊಡದೇ ಇರಬಹುದು, ಯಾವ ಕ್ಯಾಮೆರಾ ಯಾರಿಗೆ ಅಂತ ಬೇರೆ ಬೇರೆ ಶೇರ್ ಮಾಡಬಹುದು. ಮುಖ್ಯ ಖಾತೆ ಅಪ್ಪನದೋ ಅಮ್ಮನದೋ ನಂಬರಿನಲ್ಲಿರಲಿ, ಓಟಿಪಿ ಅವರ ಫೋನಿಗೇ ಬರಲಿ. ಅವರು ಬೇಡ ಅಂದ್ರೆ, ಮುಂದಿನ ಸಲ ಊರಿಗೆ ಬಂದಾಗ ಹಾಲಿನ ಆ ಕ್ಯಾಮೆರಾ ಬಿಚ್ಚಿಸಿ. ಅದರ ಬದಲು ಹಿತ್ತಲ ಬಾಗಿಲಿಗೊಂದು ಹೊರಗೆ ಹಾಕೋ ಕ್ಯಾಮೆರಾ ತಂದು ಹಾಕಿಸ್ರಿ.