ಅದೇ ಬಾಗಿಲಿಗೆ ಮತ್ತೆ ಹೋಗ್ಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಹಾಕಿರೋರು ಯಾರು ಅಂತ ನಂಗೆ ಒಂದು ಅಂದಾಜಿದೆ. ಮಧ್ಯಾಹ್ನ, ಗಿರಾಕಿ ಕಮ್ಮಿ, ಗಲ್ಲಾ ಪಕ್ಕದಲ್ಲಿ ರೇಡಿಯೋ ಸಣ್ಣಗೆ ಓಡ್ತಿದೆ, ನೀವು ಉದ್ರಿ ಪುಸ್ತಕ ತೆಗೆದು ಯಾರ್‍ಯಾರದ್ದು ಎಷ್ಟು ಬಾಕಿ ಅಂತ ನೋಡ್ತಿದೀರ. ನಾನು ಇವತ್ತು ನಿಮ್ಮ ಜೊತೆನೇ ಮಾತಾಡೋಕೆ ಬಂದಿರೋದು. ವಿಷಯ, ಜಪಾನಿನ ಹಳೇ ಕಾಲದ ವ್ಯಾಪಾರಿಗಳು ಹೆಂಗೆ ವ್ಯಾಪಾರ ಮಾಡ್ತಿದ್ರು ಅನ್ನೋದು.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಎಲ್ಲೇ ಈ ವಿಷಯ ಎತ್ತಿದ್ರೂ ಯಾರಾದ್ರೂ ಒಬ್ರು ಎದ್ದು, ಸಾರ್ ಬಿಡಿ, ಅವರ ರಕ್ತದಲ್ಲೇ ಪ್ರಾಮಾಣಿಕತೆ ಇದೆ, ನಮ್ಮ ಕೈಲಾಗಲ್ಲ ಅಂತಾರೆ. ಇದನ್ನ ಕೇಳಿ ಕೇಳಿ ನಂಗೆ ಸಾಕಾಗಿದೆ. ರಕ್ತದಲ್ಲಿ ಏನೂ ಇರಲಿಲ್ಲ ಸ್ವಾಮಿ. ಅಲ್ಲಿನ ಅಂಗಡಿಯವರೂ ರೇಟು ಏರಿಸಿ ಹೇಳ್ತಿದ್ರು, ಅಲ್ಲೂ ಮುಖ ನೋಡಿ ಮಣೆ ಹಾಕ್ತಿದ್ರು. ಅದನ್ನ ಕೆಲವರು ಬಿಟ್ರು, ಯಾಕೆ ಬಿಟ್ರು ಅಂದ್ರೆ ಅವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಅದೇ ಬಾಗಿಲಿಗೆ ಮತ್ತೆ ಹೋಗ್ಬೇಕು. ಇಷ್ಟೇ. ಇವತ್ತು ನಾನು ಹೇಳೋದೆಲ್ಲಾ ಇದೊಂದೇ.

ಓಮಿ ಅಂತ ಒಂದು ಸೀಮೆ. ಬಿವಾ ಅನ್ನೋ ದೊಡ್ಡ ಸರೋವರದ ಸುತ್ತ ಇದೆ, ಈಗ ಶಿಗಾ ಅಂತ ಕರೀತಾರೆ. ಅಲ್ಲಿನ ವ್ಯಾಪಾರಿಗಳು ಹೆಗಲ ಮೇಲೆ ಅಡ್ಡೆ ಹೊತ್ಕೊಂಡು ದೇಶ ಸುತ್ತಿದವರು. ನಮ್ಮ ಕಡೆ ಕಾವಡಿ ಅಂತಾರಲ್ಲ, ಅದೇ ಥರದ್ದು. ಹಾಚಿಮಾನ್ ಊರಿನವರು ಸೊಳ್ಳೆ ಪರದೆ, ಹಿನೋ ಊರಿನವರು ಔಷಧಿ, ಹಿಂಗೆ ಸರಕು ಹೊತ್ಕೊಂಡು ನೂರಾರು ಮೈಲಿ ನಡೆದು ಹೋಗೋರು, ಬರ್ತಾ ಖಾಲಿ ಕೈಯಲ್ಲಿ ಬರ್ತಿರಲಿಲ್ಲ, ಆ ಕಡೆಯ ರೇಷ್ಮೆ, ಬಣ್ಣಕ್ಕೆ ಹಾಕೋ ಕುಸುಬೆ ಹೂವು ತಂದು ಈ ಕಡೆ ಮಾರೋರು. ಹೋಗ್ತಾನೂ ಕೊಯ್ಯುತ್ತೆ, ಬರ್ತಾನೂ ಕೊಯ್ಯುತ್ತೆ ಅಂತ ಅದಕ್ಕೆ ಗರಗಸದ ವ್ಯಾಪಾರ ಅಂತಾನೇ ಹೆಸರು.

ಈಗ ಯೋಚನೆ ಮಾಡಿ. ನೀವು ಗೊತ್ತಿಲ್ಲದ ಊರಿಗೆ ಹೋಗಿದೀರ. ಅಲ್ಲಿ ನಿಮ್ಮ ನೆಂಟರಿಲ್ಲ, ನಿಮ್ಮ ಪರ ಮಾತಾಡೋಕೆ ಒಂದು ನಾಯಿನೂ ಇಲ್ಲ. ಈ ವರ್ಷ ಹಳಸಲು ಔಷಧಿ ಕೊಟ್ಟು ದುಡ್ಡು ತಗೊಂಡು ಬಂದ್ರೆ ಮುಂದಿನ ವರ್ಷ ಆ ಊರೊಳಗೆ ಕಾಲಿಡೋಕಾಗುತ್ತಾ? 1754ರಲ್ಲಿ ನಾಕಾಮುರಾ ಜಿಹೆಯಿ ಅನ್ನೋ ಓಮಿ ವ್ಯಾಪಾರಿ, ವಯಸ್ಸಾಗಿತ್ತು, ತನ್ನ ದತ್ತು ವಾರಸುದಾರನಿಗೆ ಅಂತ ಒಂದು ಪತ್ರ ಬರೆದಿಟ್ಟ. ಅದರ ಸಾರ ಏನಂದ್ರೆ, ಬೇರೆ ಸೀಮೆಗೆ ಬಟ್ಟೆ ಮಾರೋಕೆ ಹೋದಾಗ ಆ ಊರಿನವರು ಇದನ್ನ ಉಟ್ಕೊಂಡು ಖುಷಿಯಾಗಿರ್ಬೇಕು ಅಂತ ಮೊದಲು ಯೋಚನೆ ಮಾಡು, ಒಂದೇ ಸಲಕ್ಕೆ ಜಾಸ್ತಿ ಲಾಭ ಬಾಚೋಕೆ ಹೋಗಬೇಡ. ಈ ನಡವಳಿಕೆಗೆ ಇವತ್ತು ಸಂಪೋ ಯೋಶಿ ಅಂತಾರೆ, ಅಂದ್ರೆ ಮೂರು ಕಡೆಗೂ ಒಳ್ಳೇದು: ಮಾರೋನಿಗೆ, ಕೊಳ್ಳೋನಿಗೆ, ಊರಿಗೆ. ಮೂರನೇದನ್ನ ನೆನಪಿಟ್ಕೊಳ್ಳಿ, ಊರಿಗೆ. ಆಮೇಲೆ ಬರ್ತೀನಿ ಅದಕ್ಕೆ.

ಈಗ ನಂಗೆ ತುಂಬಾ ಇಷ್ಟವಾದ ಕಥೆ. ಮಿತ್ಸುಯಿ ತಕಾತೋಶಿ ಅಂತ, 1622ರಲ್ಲಿ ಮತ್ಸುಸಾಕಾ ಅನ್ನೋ ಊರಲ್ಲಿ ಹುಟ್ಟಿದವನು, ಮನೆಗೆ ಕಿರಿ ಮಗ. ಅಪ್ಪನಿಗೆ ವ್ಯಾಪಾರದ ಮೇಲೆ ಗಮನವೇ ಇರಲಿಲ್ಲ, ಅಂಗಡಿ ನಡೆಸಿದ್ದೆಲ್ಲಾ ತಾಯಿ, ಆಕೆ ಹೆಸರು ಶುಹೋ. ಅಡವಿಡೋಕೆ, ಸಾರಾಯಿ ಕೊಳ್ಳೋಕೆ ಅಂತ ಬಂದವರನ್ನ ಆಕೆ ಸುಮ್ನೆ ಕಳಿಸ್ತಿರಲಿಲ್ಲ, ಹೊಗೆಸೊಪ್ಪು ಕೊಟ್ಟು ಉಪಚಾರ ಮಾಡಿ ಕಳಿಸೋಳಂತೆ, ಮನೆಯೊಳಗೆ ಮಾತ್ರ ಒಂದು ದಾರದ ತುಂಡೂ ಬಿಸಾಕೋ ಹಾಗಿಲ್ಲ. ಹುಡುಗ ಹದಿನಾಲ್ಕಕ್ಕೆ ಎಡೊಗೆ ಹೋದ, ಎಡೊ ಅಂದ್ರೆ ಈಗಿನ ಟೋಕಿಯೊ, ಅಣ್ಣನ ಅಂಗಡಿಯಲ್ಲಿ ಕೆಲಸಕ್ಕೆ. ಎಷ್ಟು ಚುರುಕು ಅಂದ್ರೆ ಅಣ್ಣನಿಗೇ ದಿಗಿಲಾಯ್ತು ಅಂತಾರೆ. ಇಪ್ಪತ್ತೆಂಟನೇ ವಯಸ್ಸಲ್ಲಿ ಊರಿಗೆ ಹೋಗಿ ಅಮ್ಮನನ್ನ ನೋಡ್ಕೋ ಅಂತ ವಾಪಸ್ ಕಳಿಸಿಬಿಟ್ಟ. ಇವನು ಎದುರು ಮಾತಾಡದೆ ಹೋದ, ಇಪ್ಪತ್ನಾಲ್ಕು ವರ್ಷ ಕಾದ, ಮದುವೆ ಮಾಡ್ಕೊಂಡ, ಮಕ್ಕಳನ್ನ ಒಬ್ಬೊಬ್ಬರನ್ನೇ ಎಡೊಗೆ ಕಳಿಸಿ ಕೆಲಸ ಕಲಿಸಿದ. ಅಣ್ಣ ತೀರಿಹೋದ ವರ್ಷ, 1673, ಅಲ್ಲಿನ ಹಳೇ ಲೆಕ್ಕದಲ್ಲಿ ಐವತ್ತೆರಡು ವಯಸ್ಸಿಗೆ, ಎಡೊದಲ್ಲಿ ಬಟ್ಟೆ ಅಂಗಡಿ ತೆಗೆದ. ಬಾಡಿಗೆ ಮಳಿಗೆ, ಮುಂದಿನ ಅಗಲ ಒಂಬತ್ತೇ ಅಡಿ. ಹೆಸರು ಎಚಿಗೋಯಾ.

ಆಗ ಎಡೊದ ದೊಡ್ಡ ಬಟ್ಟೆ ಅಂಗಡಿಗಳು ಹೆಂಗಿದ್ವು ಗೊತ್ತಾ? ದೊಡ್ಡ ದೊಡ್ಡ ಮನೆಗಳಿಗೆ ಥಾನುಗಳನ್ನ ಹೊತ್ಕೊಂಡು ಹೋಗಿ ತೋರಿಸೋದು. ದುಡ್ಡು ವರ್ಷಕ್ಕೆ ಎರಡೇ ಸಲ, ಬೋನ್ ಅನ್ನೋ ಪಿತೃಗಳ ಹಬ್ಬಕ್ಕೊಂದು ಸಲ, ವರ್ಷದ ಕೊನೆಗೊಂದು ಸಲ. ಅಲ್ಲೀವರೆಗೆ ಉದ್ರಿ. ಬಡ್ಡಿ ಯಾರು ಕೊಡ್ತಾರೆ, ಮುಳುಗೋ ಬಾಕಿ ಯಾರು ಕೊಡ್ತಾರೆ? ಅದನ್ನೆಲ್ಲಾ ಸೇರಿಸಿ ರೇಟು ಏರಿಸಿ ಹೇಳೋರು, ಗಿರಾಕಿ ಚೌಕಾಸಿ ಮಾಡೋನು, ಯಾರಿಗೆ ಚೌಕಾಸಿ ಬರಲ್ವೋ ಅವನ ತಲೆ ಮೇಲೆ ಎಲ್ಲರ ಲುಕ್ಸಾನು.

ತಕಾತೋಶಿ ಒಂದು ಬೋರ್ಡು ಹಾಕಿದ. ನಗದು, ಏರಿಸಿ ಹೇಳೋ ರೇಟಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಅಂಗಡಿಯಲ್ಲಿ ಇಂದು ನಗದು ನಾಳೆ ಸಾಲ ಅಂತ ಬೋರ್ಡಿದೆ, ಗೊತ್ತು ನಂಗೆ. ಆದ್ರೆ ಅದು ಅರ್ಧ ಬೋರ್ಡು. ಅವನ ಬೋರ್ಡಲ್ಲಿ ಎರಡು ಮಾತಿದೆ ನೋಡಿ. ನೀನು ನಂಗೆ ಈಗಲೇ ದುಡ್ಡು ಕೊಡು ಅನ್ನೋದು ಒಂದು, ಅದಕ್ಕೆ ಬದಲಾಗಿ ನಾನು ನಿಂಗೆ ಒಂದು ಕಾಸೂ ಸುಳ್ಳು ರೇಟು ಹೇಳಲ್ಲ ಅನ್ನೋದು ಇನ್ನೊಂದು. ಎರಡನೇದಿಲ್ದೆ ಮೊದಲನೇದು ಕೇಳಿದ್ರೆ ಗಿರಾಕಿ ಯಾಕೆ ಒಪ್ತಾನೆ? ಉದ್ರಿ ಗಿರಾಕಿ ಬಾಕಿ ಇದೆ ಅಂತಾನಾದ್ರೂ ಮತ್ತೆ ಬರ್ತಾನೆ, ಅವನನ್ನ ನಿಮ್ಮ ಪುಸ್ತಕ ಕಟ್ಟಿಹಾಕಿದೆ. ನಗದು ಗಿರಾಕಿನ ಯಾವುದೂ ಕಟ್ಟಿಹಾಕಿಲ್ಲ. ಅವನು ಅದೇ ಬಾಗಿಲಿಗೆ ಮತ್ತೆ ಬರೋದು ನಿನ್ನೆ ಮೋಸ ಹೋಗಿಲ್ಲ ಅನ್ನೋ ಒಂದೇ ಕಾರಣಕ್ಕೆ.

ಇಷ್ಟಕ್ಕೇ ನಿಲ್ಲಲಿಲ್ಲ. ಬೇರೆಯವರು ಇಡೀ ಥಾನು ಮಾತ್ರ ಮಾರ್ತಿದ್ರೆ ಇವನು ಕತ್ತರಿಸಿ ಕೊಟ್ಟ, ಕೊರಳಪಟ್ಟಿಗೆ ಸಾಕಾಗೋಷ್ಟು ಒಂದು ತುಂಡು ರೇಷ್ಮೆ ಬೇಕಾ, ತಗೋ. ಮನೆಗೆಲಸದವಳೂ ರೇಷ್ಮೆ ಅಂಗಡಿ ಮೆಟ್ಟಿಲು ಹತ್ತಿದ್ದು ಹಂಗೆ. ರೇಷ್ಮೆಗೊಬ್ಬ, ಮಖಮಲ್ಲಿಗೊಬ್ಬ ಅಂತ ಒಂದೊಂದು ಸರಕಿಗೆ ಒಬ್ಬೊಬ್ಬ ಗುಮಾಸ್ತ, ಕೇಳಿದ್ದಕ್ಕೆ ತಡವರಿಸದೆ ಉತ್ತರ ಕೊಡೋನು.

ಪೇಟೆಯ ಉಳಿದ ಬಟ್ಟೆ ವ್ಯಾಪಾರಿಗಳಿಗೆ ಹೊಟ್ಟೆಗೆ ಬೆಂಕಿ ಬಿತ್ತು. ಸಂಘದಿಂದ ಹೊರಗೆ ಹಾಕಿದ್ರು. ಎಚಿಗೋಯಾದ ಅಡುಗೆಮನೆ ಕಡೆಗೇ ಮುಖ ಮಾಡಿ ಕಕ್ಕಸು ಕಟ್ಟಿಸಿದ್ರು, ನಿಜವಾಗ್ಲೂ. ಆಳುಗಳು ಅನ್ನ ಬೇಯಿಸೋ ಜಾಗಕ್ಕೆ ಆ ಹೊಲಸು. 1682ರ ಕೊನೆಯಲ್ಲಿ ಎಡೊಗೆ ದೊಡ್ಡ ಬೆಂಕಿ ಬಿತ್ತು, ಅಂಗಡಿ ಸುಟ್ಟುಹೋಯ್ತು. ಮಾರನೇ ವರ್ಷ ಸುರುಗಾ ಪೇಟೆಗೆ ಬಂದ, ಮೊದಲಿಗಿಂತ ದೊಡ್ಡದಾಗಿ ಹಾಕಿದ, ಊರಿಗೆಲ್ಲಾ ಕರಪತ್ರ ಹಂಚಿದ. ಅದರಲ್ಲೂ ಅದೇ ಮಾತು: ಸುಳ್ಳು ರೇಟು ಹೇಳಲ್ಲ, ಹಂಗಾಗಿ ನೀವು ಚೌಕಾಸಿ ಮಾಡಿದ್ರೂ ಇಳಿಸಲ್ಲ.

ಇನ್ನು ಕೊಡೆ. ಮಳೆ ಬಂದ್ರೆ ಎಚಿಗೋಯಾ ಗಿರಾಕಿಗಳಿಗೆ ಕೊಡೆ ಕೊಟ್ಟು ಕಳಿಸ್ತಿತ್ತು, ಪುಕ್ಕಟೆ. ಎಣ್ಣೆ ಹಚ್ಚಿದ ಕಾಗದದ ಕೊಡೆ, ಮೇಲೆ ದೊಡ್ಡದಾಗಿ ಅಂಗಡಿಯ ಗುರುತು. ಮಳೆ ಬಂದ್ರೆ ಇಡೀ ಎಡೊನೇ ಎಚಿಗೋಯಾ ಆಗ್ಬಿಡುತ್ತೆ ಅಂತ ಜನ ಚುಟುಕ ಕಟ್ಟಿ ಹೇಳೋರು. ಇದನ್ನ ಕೇಳಿದವರೆಲ್ಲಾ ಆಹಾ ಎಂಥಾ ಜಾಹೀರಾತು ಅಂತಾರೆ. ಹೌದು, ಜಾಹೀರಾತೇ. ಆದ್ರೆ ನಂಗೆ ಕಾಣೋದು ಇನ್ನೊಂದು. ಕೊಡೆ ಸಾಲ ತಗೊಂಡೋನು ಏನ್ ಮಾಡ್ಬೇಕು? ವಾಪಸ್ ಕೊಡ್ಬೇಕು. ಎಲ್ಲಿಗೆ ಬಂದು? ಅದೇ ಬಾಗಿಲಿಗೆ! ಬಟ್ಟೆ ಉದ್ರಿ ಕೊಡಲ್ಲ ಅಂದವನು ಕೊಡೆನ ಮಾತ್ರ ಉದ್ರಿ ಕೊಟ್ಟ ನೋಡಿ. ನಾನು ಈ ಕಥೆ ಎಷ್ಟು ಸಲ ಹೇಳಿದ್ರೂ ಇಲ್ಲಿಗೆ ಬಂದಾಗ ಮೈ ಜುಮ್ ಅನ್ನುತ್ತೆ. ಈಗ ಟೋಕಿಯೊದಲ್ಲಿರೋ ಮಿತ್ಸುಕೋಶಿ ಅನ್ನೋ ದೊಡ್ಡ ಅಂಗಡಿ ಆ ಒಂಬತ್ತಡಿ ಮಳಿಗೆಯಿಂದ ಬೆಳೆದಿದ್ದು.

ನಿಲಯದವರು ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಿದಾರೆ, ಹಂಗಾಗಿ ಉಳಿದಿದ್ದನ್ನ ಬೇಗ ಹೇಳ್ತೀನಿ. ಆ ಕಾಲದ ಲೆಕ್ಕದಲ್ಲಿ ಸಮುರಾಯ್, ಅಂದ್ರೆ ಯೋಧ, ಮೊದಲು, ಆಮೇಲೆ ರೈತ, ಆಮೇಲೆ ಕುಶಲಕರ್ಮಿ, ಕೊನೆಗೆ ವ್ಯಾಪಾರಿ. ಲಾಭ ಅನ್ನೋದೇ ಕೊಳಕು ಅನ್ನೋ ಮಾತಿತ್ತು. ಇಶಿದಾ ಬೈಗಾನ್ ಅಂತ ಒಬ್ರು, ರೈತರ ಮಗ, ಕ್ಯೋಟೋದ ಬಟ್ಟೆ ವ್ಯಾಪಾರಿ ಮನೆಯಲ್ಲಿ ವರ್ಷಾನುಗಟ್ಲೆ ದುಡಿದವರು. 1729ರಲ್ಲಿ ಮನೆಯಲ್ಲೇ ಪಾಠ ಶುರುಮಾಡಿದ್ರು, ಫೀಸಿಲ್ಲ, ಯಾರ ಪರಿಚಯನೂ ಬೇಕಿಲ್ಲ, ಯಾರ್ ಬೇಕಾದ್ರೂ ಬಂದು ಕೂತ್ಕೊಳ್ಳಿ ಅಂತ. ವ್ಯಾಪಾರಿಯ ಲಾಭ ಸಮುರಾಯಿಯ ಸಂಬಳ ಇದ್ದ ಹಾಗೆ, ಅದರಲ್ಲಿ ತಲೆತಗ್ಗಿಸೋದು ಏನೂ ಇಲ್ಲ, ಆದ್ರೆ ಎದುರಿಗಿರೋನೂ ನಿಲ್ಲಬೇಕು ನಾನೂ ನಿಲ್ಲಬೇಕು ಅಂತ ಯೋಚಿಸೋನೇ ವ್ಯಾಪಾರಿ ಅಂದ್ರು ಅವರು. ಲಾಭ ತಗೊಳ್ಳಿ ಅಂತ ಧೈರ್ಯವಾಗಿ ಹೇಳಿದ ಮೇಷ್ಟ್ರು, ಅದಕ್ಕೇ ಜನ ಅವರ ಮಾತು ಕೇಳಿದ್ರು. ವಾರಸುದಾರಿಕೆ ಬಗ್ಗೆನೂ ಹೇಳ್ಬೇಕಿತ್ತು, ಮಗ ಲಾಯಕ್ಕಿಲ್ದಿದ್ರೆ ಒಳ್ಳೇ ಗುಮಾಸ್ತನಿಗೆ ಮಗಳನ್ನ ಕೊಟ್ಟು ಅಂಗಡಿ ಅವನ ಕೈಗೆ ಒಪ್ಪಿಸೋರು, ಅದು ಇನ್ನೊಂದು ದಿನದ ಮಾತಾಗುತ್ತೆ.

ಮೂರನೇದು ನೆನಪಿಟ್ಕೊಳ್ಳಿ ಅಂದಿದ್ನಲ್ಲ, ಊರು. 1830ರ ದಶಕದಲ್ಲಿ ಜಪಾನಿಗೆ ಭೀಕರ ಕ್ಷಾಮ ಬಂತು. ಓಮಿಯ ತೊಯೊಸಾತೊ ಅನ್ನೋ ಊರಲ್ಲಿ ಫುಜಿನೋ ಅನ್ನೋ ವ್ಯಾಪಾರಿ ಮನೆತನದವರು, ಜನ ಅನ್ನಕ್ಕೆ ಒದ್ದಾಡ್ತಿರೋ ಹೊತ್ತಲ್ಲೇ, ತಮ್ಮ ಮನೆ ಮತ್ತೆ ಊರಿನ ದೇವಸ್ಥಾನ ಎರಡನ್ನೂ ಹೊಸದಾಗಿ ಕಟ್ಟಿಸೋಕೆ ಶುರು ಮಾಡಿದ್ರು. ಬರಗಾಲದಲ್ಲಿ ಇದೇನು ಮೆರೆದಾಟ ಅಂತ ಆ ಸೀಮೆಯ ಅಧಿಕಾರಿ ವಿಚಾರಿಸೋಕೆ ಬಂದ. ಬಂದು ನೋಡಿದ್ರೆ, ಕಲ್ಲು ಹೊರೋರು, ಮಣ್ಣು ತುಳಿಯೋರು, ಮರ ಕೊಯ್ಯೋರು, ಎಲ್ಲಾ ಅದೇ ಊರಿನವರು. ಪುಕ್ಕಟೆ ಗಂಜಿ ಅಂದ್ರೆ ಕೈಚಾಚಬೇಕು, ಕೂಲಿ ಅಂದ್ರೆ ತಲೆಯೆತ್ತಿ ಮನೆಗೆ ತಗೊಂಡು ಹೋಗಬಹುದು, ಅದಕ್ಕೇ ಆ ಕಟ್ಟೋ ಕೆಲಸ. ಬೈಯೋಕೆ ಬಂದ ಅಧಿಕಾರಿ ಹೊಗಳಿ ಹೋದ. ಆ ಮನೆ ಇವತ್ತಿಗೂ ತೊಯೊಸಾತೊದಲ್ಲಿದೆ, ತೋಟದ ಸಮೇತ. ನಮಸ್ಕಾರ.