ಬಾನೆಟ್ ಕಿಂಡಿಯಿಂದ ಇಳಿಯುವ ಮಳೆನೀರು

ಕೇಳುಗರೆಲ್ಲರಿಗೂ ನಮಸ್ಕಾರ.

ಬಾನೆಟ್ ಮೇಲೆ ಗಾಳಿಕಿಂಡಿ ಇರುವ ಗಾಡಿ ಕೊಂಡವರಿಗೆ ಮೊದಲ ಮಳೆಗೇ ಒಂದು ದಿಗಿಲು ಹುಟ್ಟುತ್ತದೆ. "ನೀರು ಸೀದಾ ಇಂಜಿನ್ ಮೇಲೇ ಬೀಳುತ್ತಲ್ಲ ಸಾರ್, ಏನೂ ಆಗಲ್ವಾ?" ಅಂತ ಕೇಳುತ್ತಾರೆ. ನೀರು ಬೀಳುವುದು ನಿಜ. ಆದರೆ ಎಲ್ಲಿ ಬೀಳುತ್ತದೆ, ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಸ್ವಲ್ಪ ಬಾಗಿ ನೋಡಿದರೆ ಅರ್ಧ ದಿಗಿಲು ಅಲ್ಲೇ ಕಳೆಯುತ್ತದೆ. ಉಳಿದರ್ಧಕ್ಕೆ ಕಾರಣ ಬೇರೆ ಕಡೆ ಇದೆ. ಅದನ್ನೂ ಹೇಳುತ್ತೇನೆ.

ಮೊದಲ ತಲೆಮಾರಿನ ಟೊಯೋಟಾ ಫಾರ್ಚುನರ್ ಡೀಸೆಲ್ ಗಾಡಿಯನ್ನು ನೆನಪಿಸಿಕೊಳ್ಳಿ. ಬಾನೆಟ್ ನಡುವೆ ಮುಂದಕ್ಕೆ ಬಾಯಿ ತೆರೆದ ಒಂದು ಉಬ್ಬು. ಅದರ ನೇರ ಕೆಳಗೆ ಕೂತಿರುವುದು ಇಂಟರ್‌ಕೂಲರ್. ಟರ್ಬೊ ಒತ್ತಿದ ಗಾಳಿ ಬಿಸಿಯಾಗುತ್ತದೆ, ಅದು ಸಿಲಿಂಡರಿಗೆ ಹೋಗುವ ಮೊದಲು ತಣ್ಣಗಾಗಬೇಕು. ಇಂಟರ್‌ಕೂಲರ್ ಮಾಡುವ ಕೆಲಸ ಇದೇ. ಕಿಂಡಿಯಿಂದ ಇಳಿದ ನೀರು ಅದರ ಹೊರಗಿನ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಬಿದ್ದು, ಸೋರಿ, ನೆಲಕ್ಕೆ ಹೋಗುತ್ತದೆ. ಇಂಜಿನ್ ಉಸಿರಾಡುವ ಗಾಳಿ ಒಳಗಿನ ಕೊಳವೆಯಲ್ಲಿದೆ. ಅದಕ್ಕೂ ಈ ಮಳೆನೀರಿಗೂ ಸಂಬಂಧವೇ ಇಲ್ಲ.

ಇನ್ನೊಂದು ಸಂಗತಿ. ಬಾನೆಟ್ ಕೆಳಗಿನ ಜಾಗ ಮುಚ್ಚಿದ ಪೆಟ್ಟಿಗೆಯಲ್ಲ. ಮುಂದೆ ಗ್ರಿಲ್, ಕೆಳಗೆ ಹೆಚ್ಚುಕಡಿಮೆ ಬಯಲು, ಪಕ್ಕದಲ್ಲಿ ಚಕ್ರಗಳು ಎರಚುವ ಕೆಸರು. ಕಿಂಡಿ ಇಲ್ಲದ ಗಾಡಿಯೂ ಮಳೆಯಲ್ಲಿ ಓಡಿದರೆ ಒಳಗೆಲ್ಲ ನೆನೆಯುತ್ತದೆ. ಇದು ತಯಾರಕರಿಗೆ ಗೊತ್ತು. ಹಾಗಾಗಿಯೇ ವೈರಿಂಗ್ ಕನೆಕ್ಟರುಗಳಿಗೆ ರಬ್ಬರ್ ಸೀಲ್, ಫ್ಯೂಸ್ ಬಾಕ್ಸಿಗೆ ಬಿಗಿಯಾದ ಮುಚ್ಚಳ. ಎಷ್ಟೋ ಗಾಡಿಗಳಲ್ಲಿ ಹಂಚಿನ ಮನೆಯ ಸೂರಿಗೆ ತಗಡಿನ ದೋಣಿ ಕಟ್ಟಿದ ಹಾಗೆ ಕಿಂಡಿಯ ಕೆಳಗೆ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ, ನೀರನ್ನು ಬದಿಗೆ ಹರಿಸುತ್ತದೆ. ಕೆಲವು ಗಾಡಿಗಳ ಕಿಂಡಿಯಂತೂ ಬರೀ ಅಲಂಕಾರ, ಒಳಗೆ ತೂತೇ ಇರುವುದಿಲ್ಲ. ನಿಮ್ಮದು ಯಾವುದು ಅಂತ ಒಮ್ಮೆ ಬಾನೆಟ್ ಎತ್ತಿ ಅಡಿಯಿಂದ ನೋಡಿ.

ಹಾಗಾದರೆ ತೊಂದರೆಯೇ ಇಲ್ಲವೇ? ಇದೆ. ಪೆಟ್ರೋಲ್ ಗಾಡಿಯ ಇಂಜಿನ್ ನೆತ್ತಿಯಲ್ಲಿ ಪ್ರತಿ ಸಿಲಿಂಡರಿಗೂ ಒಂದು ಆಳವಾದ ಗುಂಡಿ. ತಳದಲ್ಲಿ ಸ್ಪಾರ್ಕ್ ಪ್ಲಗ್, ಮೇಲೆ ಮುಚ್ಚಿದ ಹಾಗೆ, ಪ್ಲಗ್ಗಿಗೆ ಕಿಡಿಯ ವಿದ್ಯುತ್ತು ಕೊಡುವ ಇಗ್ನಿಶನ್ ಕಾಯಿಲ್. ಕಾಯಿಲ್ ಕತ್ತಿನ ರಬ್ಬರ್ ಮೆತ್ತಗಿರುವವರೆಗೆ ಹನಿ ನೀರೂ ಇಳಿಯುವುದಿಲ್ಲ. ವರ್ಷಗಟ್ಟಲೆ ಇಂಜಿನ್ ಶಾಖಕ್ಕೆ ಬೆಂದು ರಬ್ಬರ್ ಗಟ್ಟಿಯಾಗಿ ಸೀಳಿತೋ, ರಾತ್ರಿಯಿಡೀ ಕಿಂಡಿಯಿಂದ ತೊಟ್ಟಿಕ್ಕಿದ ನೀರು ಆ ಗುಂಡಿಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಗಾಡಿ ನಡುಗುತ್ತದೆ, ಪಿಕಪ್ ಇರುವುದಿಲ್ಲ, ಮೆಕ್ಯಾನಿಕ್ ಬಂದು "ಒಂದು ಸಿಲಿಂಡರ್ ಮಿಸ್ಸಿಂಗ್" ಅನ್ನುತ್ತಾನೆ, ಅಂದರೆ ಆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕಾಯಿಲ್ ಎಳೆದು ನೋಡಿದರೆ ಅದರ ರಬ್ಬರ್ ಕೊಳವೆಯ ಮೇಲೆ ಉಗುರಿನಿಂದ ಗೀರಿದಂಥ ಸಣ್ಣ ಕಪ್ಪು ಗೆರೆ, ಗುಂಡಿಯ ತಳದಲ್ಲಿ ತುಕ್ಕುಬಣ್ಣದ ನೀರು. ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಬೇಕಿದ್ದ ವಿದ್ಯುತ್ತು ಒದ್ದೆ ಗೋಡೆ ಹಿಡಿದು ಪೋಲಾಗಿದೆ ಅನ್ನುವುದಕ್ಕೆ ಆ ಗೆರೆಯೇ ಗುರುತು.

ಇಲ್ಲಿ ಅವಸರದವರಿಗೆ ಒಂದು ಮಾತು. ಗುಂಡಿಯಲ್ಲಿ ನೀರಿದ್ದಾಗ ಮೊದಲೇ ಪ್ಲಗ್ ಬಿಚ್ಚಬೇಡಿ, ಬಿಚ್ಚಿದರೆ ಆ ನೀರು ಸಿಲಿಂಡರಿಗೇ ಇಳಿಯುತ್ತದೆ. ಏರ್ ಹಿಡಿದು ಊದಿ ಒಣಗಿಸಿ, ಆಮೇಲೆ ಬಿಚ್ಚಿಸಿ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ದೀಪ ಮಿನುಗುತ್ತಿದ್ದರೆ "ಆಫೀಸಿನವರೆಗೆ ಹೇಗೋ ಹೋಗೋಣ" ಅಂತ ಎಳೆದುಕೊಂಡು ಹೋಗಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಅದರ ಬೆಲೆಯ ಮುಂದೆ ಕಾಯಿಲ್ ರಬ್ಬರಿನ ಬೆಲೆ ಏನೂ ಅಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಾನೆಟ್ ಕೊರೆಸಿ ಕಿಂಡಿ ಕೂರಿಸಿಕೊಳ್ಳುವ ಹುಡುಗರ ಬಗ್ಗೆ ನನಗೆ ನಿಜವಾದ ಕಳವಳ ಇದೆ. ಕಂಪನಿಯ ಕಿಂಡಿ ಎಲ್ಲಿರಬೇಕು ಅಂತ ಲೆಕ್ಕ ಹಾಕಿ ಇಟ್ಟದ್ದು. ಇದು ನೋಟಕ್ಕೆ ಎಲ್ಲಿ ಚೆಂದವೋ ಅಲ್ಲಿ. ಕೆಳಗೆ ತಟ್ಟೆ ಇಲ್ಲ, ಕೊರೆದ ಅಂಚಿಗೆ ಬಣ್ಣ ಇಲ್ಲ, ಹನಿ ಬೀಳುವ ಜಾಗದಲ್ಲಿ ಏನಿದೆ ಅಂತ ನೋಡಿದವರಿಲ್ಲ. ಫ್ಯೂಸ್ ಬಾಕ್ಸ್ ಇರಬಹುದು, ಬ್ಯಾಟರಿ ಟರ್ಮಿನಲ್ ಇರಬಹುದು. ತಯಾರಕರ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಅಡ್ಡ ಬರುತ್ತದೆ. ದಯವಿಟ್ಟು ಮಾಡಿಸಬೇಡಿ.

ಇನ್ನು ನಮ್ಮ ಊರಿನದೇ ಒಂದು ವಿಷಯ. ಬೆಂಗಳೂರಿನಲ್ಲಿ ಎಷ್ಟೋ ಕಾರುಗಳು ರಾತ್ರಿ ಕಳೆಯುವುದು ರಸ್ತೆಬದಿಯ ಮರದ ಕೆಳಗೆ. ಜಯನಗರ, ಮಲ್ಲೇಶ್ವರ, ಬಸವನಗುಡಿಯ ಬೀದಿಗಳಲ್ಲಿ ಯುಗಾದಿಯ ಆಸುಪಾಸು ಹೊಂಗೆ ಹೂವು ಉದುರಿ ಕಾರೆಲ್ಲ ಮುಚ್ಚಿಹೋಗಿರುತ್ತದೆ. ಮೇಲಿನದನ್ನು ಗುಡಿಸುತ್ತೇವೆ. ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್ ಜಾಲರಿಯೊಳಗೆ ಹೋದದ್ದನ್ನು ಯಾರೂ ನೋಡುವುದಿಲ್ಲ. ಗಾಜಿನ ಮೇಲಿನ ನೀರೆಲ್ಲ ಆ ಜಾಲರಿಯ ಕೆಳಗಿನ ಕಾಲುವೆಗೆ ಇಳಿದು, ಎರಡು ತುದಿಯ ತೂತುಗಳಿಂದ ಮುಂದಿನ ಚಕ್ರದ ಹಿಂದೆ ಹೊರಬೀಳಬೇಕು. ಹೂವು, ತರಗೆಲೆ, ಧೂಳು ಸೇರಿ ಕೊಳೆತು ಕಪ್ಪು ಮುದ್ದೆಯಾಗಿ ಆ ತೂತು ಕಟ್ಟಿಕೊಂಡಿತು ಅನ್ನಿ. ಭರಣಿ ಮಳೆ ಗುಡುಗಿ ಸುರಿದಾಗ ನೀರು ಕಾಲುವೆ ತುಂಬಿ, ಎಸಿ ಗಾಳಿ ಎಳೆಯುವ ಬಾಯಿಂದ ಕಾರಿನೊಳಗೇ ಬರುತ್ತದೆ, ಇಲ್ಲವೇ ಇಂಜಿನ್ ಕಡೆಗೆ ಚೆಲ್ಲುತ್ತದೆ. ಪಕ್ಕದ ಸೀಟಿನ ಕಾಲಡಿಯ ಮ್ಯಾಟ್ ಒದ್ದೆ, ಒಳಗೆ ಮುಗ್ಗಲು ವಾಸನೆ. ಬಾನೆಟ್ ಕಿಂಡಿ ಮಾಡುವ ಹಾನಿಗಿಂತ ಈ ಕಟ್ಟಿಕೊಂಡ ತೂತು ಮಾಡುವ ಹಾನಿಯೇ ನಮ್ಮಲ್ಲಿ ಹೆಚ್ಚು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪರೀಕ್ಷೆ ಸುಲಭ. ಗಾಜಿನ ಬುಡಕ್ಕೆ ಒಂದು ಚೊಂಬು ನೀರು ಹೊಯ್ದು ಚಕ್ರದ ಹಿಂದೆ ಬಗ್ಗಿ ನೋಡಿ. ಕೂಡಲೇ ಸುರಿದರೆ ಸರಿ. ತಡವಾಗಿ ತೊಟ್ಟಿಕ್ಕಿದರೆ ಜಾಲರಿ ಬಿಚ್ಚಿಸಿ, ಮುದ್ದೆ ತೆಗೆಸಿ.

ವಾಟರ್ ವಾಷ್ ಮಾಡಿಸುವಾಗಲೂ ಎಚ್ಚರ. ಮಳೆ ತನ್ನ ಭಾರಕ್ಕೆ ಬೀಳುತ್ತದೆ, ಪ್ರೆಶರ್ ಗನ್ ನೀರು ಸೀಲನ್ನು ತಳ್ಳಿಕೊಂಡು ನುಗ್ಗುತ್ತದೆ. ಇಂಜಿನ್ ಮೇಲೆ ಗನ್ ಹಿಡಿಯಬೇಡಿ ಅಂತ ಬಾಯಿ ಬಿಟ್ಟು ಹೇಳಿ.

ಮೇಲಿನಿಂದ ಬರುವ ನೀರಿನ ಮಾತು ಇಷ್ಟು. ಇಂಜಿನ್ ಕೊಲ್ಲುವ ನೀರು ಕೆಳಗಿನಿಂದ, ಏರ್ ಫಿಲ್ಟರಿನ ಕೊಳವೆ ಹಿಡಿದು ಬರುತ್ತದೆ. 1200 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ತಗೊಳ್ಳಿ. ಒಂದು ಸಿಲಿಂಡರಿಗೆ 300 ಸಿಸಿ. ಕಂಪ್ರೆಶನ್, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಒಟ್ಟು ಜಾಗಕ್ಕೂ ಮೇಲೆ ಬಂದಾಗ ಉಳಿಯುವ ಜಾಗಕ್ಕೂ ಇರುವ ಪ್ರಮಾಣ, ಹತ್ತಕ್ಕೆ ಒಂದು ಇದ್ದರೆ ಮೇಲೆ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್. ಎರಡು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು. ಅದಕ್ಕಿಂತ ಜಾಸ್ತಿ ನೀರು ಒಳಗೆ ಸೇರಿದರೆ ಪಿಸ್ಟನ್ ಮೇಲೇರಲು ಜಾಗವೇ ಇಲ್ಲ, ಯಾಕೆಂದರೆ ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಇಂಜಿನ್ನಿನ ತಿರುಗುವ ದಂಡಕ್ಕೆ, ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಮುಳುಗಿದಾಗ ಕಾರುಗಳು ನೀರಲ್ಲಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಸಿಕ್ಕಿಕೊಂಡು ಒಬ್ಬ ಯುವತಿಯ ಪ್ರಾಣವೇ ಹೋಯಿತು. ಅಂಡರ್‌ಪಾಸಿನಲ್ಲಿ ರಸ್ತೆ ಕಾಣದಷ್ಟು ನೀರಿದ್ದರೆ ಇಳಿಯಲೇಬೇಡಿ, ಹಿಂದಿನವರು ಎಷ್ಟು ಹಾರನ್ ಹೊಡೆದರೂ ಸರಿ.

ನೀರಲ್ಲಿ ಗಾಡಿ ಆಫ್ ಆಯಿತೋ, ಮತ್ತೆ ಕೀ ತಿರುಗಿಸಬೇಡಿ. ಮೊದಲು ಜನ ಇಳಿದು ಎತ್ತರದ ಜಾಗಕ್ಕೆ ಹೋಗಿ, ಅಲ್ಲಿಂದಲೇ ಫೋಟೊ ತೆಗೆದು ಟೋಯಿಂಗ್ ಗಾಡಿ ಕರೆಸಿ. ನೀರಿನಲ್ಲಿ ಸ್ಟಾರ್ಟ್ ಮಾಡಲು ಹೋಗಿ ಇಂಜಿನ್ ಕೆಟ್ಟರೆ ಮಾಮೂಲಿ ವಿಮೆಯಲ್ಲಿ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ, ಅದಕ್ಕೆ ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ಇರುತ್ತದೆ. ಪಾಲಿಸಿಯಲ್ಲಿ ಅದಿದೆಯೇ ಅಂತ ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳಿ. ಗ್ಯಾರೇಜಿನಲ್ಲಿ ಮೊದಲು ಏರ್ ಫಿಲ್ಟರ್ ಬಿಚ್ಚಿಸಿ. ಅದು ಒದ್ದೆಯಾಗಿದ್ದರೆ ಪ್ಲಗ್ಗುಗಳನ್ನು ತೆಗೆಸಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ, ನೀರೆಲ್ಲ ಹೊರಬಂದು ಆಯಿಲ್ ಬದಲಾದ ಮೇಲೆಯೇ ಸ್ಟಾರ್ಟ್ ಮಾಡಲು ಬಿಡಿ.

ನಮಸ್ಕಾರ.